ಸೂಜಿಗೆ ಮುಂಚಿನ ಪ್ರಶ್ನೆ

ಏನನ್ನಾದರೂ ಅಳೆಯುವ ಮೊದಲು ಅವರು ಅಳೆಯುವ ಸಾಧನವನ್ನೇ ಅನುಮಾನಿಸುತ್ತಿದ್ದರು. ಹೊಳೆನರಸೀಪುರದ ನಮ್ಮ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಮೇಷ್ಟ್ರು. ಹೊಸ ತರಗತಿ ಶುರುವಾದ ದಿನ ಎಲ್ಲರ ಕೈಗೂ ತಂತಿಯ ದಪ್ಪ ಅಳೆಯುವ ಒಂದೊಂದು ಸ್ಕ್ರೂ ಗೇಜ್ ಕೊಟ್ಟು, ನಡುವೆ ಏನನ್ನೂ ಇಡದೆ ಪೂರ್ತಿ ಮುಚ್ಚಿ ಅನ್ನುತ್ತಿದ್ದರು. "ಒಳಗೆ ಏನೂ ಇಲ್ಲ ಅಲ್ವಾ? ಹಾಗಾದ್ರೆ ಸೊನ್ನೆ ತೋರಿಸಬೇಕು. ತೋರಿಸ್ತಿದೆಯಾ?" ತೋರಿಸುತ್ತಿರಲಿಲ್ಲ. ಸರ್ಕಾರಿ ಕಾಲೇಜಿನ ಸ್ಕ್ರೂ ಗೇಜು ಎಂದೂ ಸೊನ್ನೆ ತೋರಿಸಿದ್ದಿಲ್ಲ. "ನೋಡಿ, ಇದು ಇಷ್ಟು ಸುಳ್ಳು ಹೇಳುತ್ತೆ. ಹೇಳಲಿ ಬಿಡಿ. ಎಷ್ಟು ಅಂತ ಗೊತ್ತಿದ್ರೆ ಕಳೆದುಬಿಡಬಹುದು." ಹುಡುಗರು ಅವರನ್ನು ಝೀರೋ ಎರರ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರಿಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ.

ನಾನು ಅದೇ ಕಾಲೇಜಿನಲ್ಲಿ ಚರಿತ್ರೆ ಹೇಳಿದವನು. ನನ್ನ ಸಾಧನಗಳು ಎರಡು, ನೆನಪು ಮತ್ತು ಇಪ್ಪತ್ತೆಂಟು ವರ್ಷಗಳಿಂದ ಬರೆಯುತ್ತಿರುವ ಡೈರಿ. ಅವೆರಡೂ ಎಷ್ಟು ಸುಳ್ಳು ಹೇಳುತ್ತವೆ ಎಂದು ನಾನು ಯಾವತ್ತೂ ಮುಚ್ಚಿ ನೋಡಿರಲಿಲ್ಲ.

ಹೋದ ಮಾಘದಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಪೇಪರು ಓದುತ್ತಾ ಕುಳಿತಲ್ಲೇ ಹೃದಯ ನಿಂತಿತು. ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಸಂಚಿಕೆ ತರುತ್ತೇವೆ, ನೀವು ಅವರ ಜೊತೆ ಹೆಚ್ಚು ಓಡಾಡಿದವರು, ನಾಲ್ಕು ಪುಟ ಬರೆದುಕೊಡಿ ಎಂದರು. ಎರಡು ಪುಟ ಬರೆದೆ. ಸಮಯಪಾಲನೆ, ಶಿಸ್ತು, ಸರಳತೆ. ಓದಿ ನೋಡಿದರೆ ಅದು ಯಾರ ಬಗ್ಗೆಯಾದರೂ ಆಗಬಹುದಿತ್ತು. ಅದನ್ನು ಸಂಚಿಕೆಗೆ ಕೊಡಲಿಲ್ಲ. ಈಗ ಬರೆಯುತ್ತಿರುವುದು ಬೇರೆ. ಹೆಸರು ಹಾಕುವುದಿಲ್ಲ. ಹೆಸರು ಬಿಟ್ಟು ಮಿಕ್ಕಿದ್ದೆಲ್ಲ ಬರೆಯಿರಿ ಎಂದು ಅವರ ಹೆಂಡತಿಯೇ ಹೇಳಿದ್ದಾರೆ.

*

ನಾವಿಬ್ಬರೂ ಹಾಸನದಲ್ಲಿ ಮನೆ ಮಾಡಿಕೊಂಡಿದ್ದವರು. ದಿನಾ ಬೆಳಿಗ್ಗೆ ಮೈಸೂರು ಕಡೆಯ ಪ್ಯಾಸೆಂಜರ್ ಹಿಡಿದು ಹೊಳೆನರಸೀಪುರಕ್ಕೆ ಹೋಗುತ್ತಿದ್ದೆವು. ಅವರು ನನಗಿಂತ ಹನ್ನೊಂದು ವರ್ಷ ದೊಡ್ಡವರು. ಕಿಟಕಿಯ ಪಕ್ಕ ಕೂತು ಸ್ಟೇಷನ್ನಿನ ಗಡಿಯಾರ, ತಮ್ಮ ಗಡಿಯಾರ, ನನ್ನ ಗಡಿಯಾರ ಮೂರನ್ನೂ ನೋಡಿ ಸರಾಸರಿ ಹೇಳುತ್ತಿದ್ದರು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಮನೆಯಲ್ಲಿ ಸಕ್ಕರೆ ನೋಡುವ ಯಂತ್ರ ಎರಡು ಇಟ್ಟುಕೊಂಡಿದ್ದರು. ಯಾವುದು ಸರಿ ತೋರಿಸುತ್ತೆ ಸಾರ್ ಎಂದು ಕೇಳಿದರೆ, "ಎರಡೂ ಸುಳ್ಳೇ. ಬೇರೆಬೇರೆ ಸುಳ್ಳು. ಅದೇ ಒಳ್ಳೇದು" ಎಂದಿದ್ದರು.

ಆ ಮಾತು ಅರ್ಥವಾಗಿದ್ದು ಒಮ್ಮೆ ಅವರ ಪ್ರಯೋಗಾಲಯದಲ್ಲಿ ಟೀ ಕುಡಿಯುತ್ತಾ ಕುಳಿತಿದ್ದಾಗ. ಇಬ್ಬರು ಹುಡುಗರು ಲೋಲಕದ ಪ್ರಯೋಗದ ರೆಕಾರ್ಡ್ ತಂದು ತೋರಿಸಿದರು. ಇಬ್ಬರ ರೀಡಿಂಗೂ ದಶಾಂಶದ ಕೊನೆಯ ಅಂಕಿಯವರೆಗೆ ಒಂದೇ. ಅವರು ಕೂಗಾಡಲಿಲ್ಲ. ಎರಡು ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು, "ಯಾರು ನೋಡಿ ಬರೆದಿರಿ?" ಎಂದರು. ಇಬ್ಬರೂ ಇಲ್ಲ ಸಾ, ಇಲ್ಲ ಸಾ ಎಂದರು. "ನಿಜ ಯಾವಾಗ್ಲೂ ಚೂರು ಆಚೀಚೆ ಇರುತ್ತೆ ಕಣ್ರಯ್ಯಾ. ಒಬ್ಬ ಕಂಡಂಗೆ ಇನ್ನೊಬ್ಬ ಕಾಣಲ್ಲ. ಪೂರ್ತಿ ಒಂದೇ ಥರ ಇರೋದು ಸುಳ್ಳು ಮಾತ್ರ. ಹೋಗಿ, ಮತ್ತೆ ತೂಗುಹಾಕಿ ನೋಡಿ."

ಆ ಇಬ್ಬರಲ್ಲಿ ಒಬ್ಬ ಮುಂದೆ ಡಾಕ್ಟರಾದ. ಅಥವಾ ಆ ಹುಡುಗ ಬೇರೆಯವನಿದ್ದು, ಕಥೆಗೆ ಒದಗುತ್ತದೆಂದು ನನ್ನ ನೆನಪು ಇವನನ್ನು ಅಲ್ಲಿ ತಂದು ನಿಲ್ಲಿಸಿದೆಯೋ ಏನೋ. ಖಾತ್ರಿಯಿಲ್ಲ. ಅವನು ನಮ್ಮ ಕಾಲೇಜಿನವನು, ಇವರ ಅಚ್ಚುಮೆಚ್ಚಿನ ಶಿಷ್ಯ ಎನ್ನುವುದು ಮಾತ್ರ ಖಾತ್ರಿ.

*

ಅವರ ಮೊದಲ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಒಂದು ಮಾರ್ಚ್ ತಿಂಗಳಲ್ಲಿ ಅರಕಲಗೂಡಿನ ಪರೀಕ್ಷಾ ಕೇಂದ್ರಕ್ಕೆ ತಪಾಸಣೆಗೆಂದು ಹೋದರು. ಬಾಗಿಲಲ್ಲಿದ್ದ ಹೈಸ್ಕೂಲು ಟೀಚರೊಬ್ಬರು ಗುರುತಿನ ಚೀಟಿ ಕೇಳಿದರು. ಇವರು ಮನೆಯಲ್ಲಿ ಮರೆತಿದ್ದರು. ಹೆಡ್‌ಮಾಸ್ಟರು ಓಡಿಬಂದು, ಅಯ್ಯೋ ಅವರು ನಮಗೆಲ್ಲ ಗೊತ್ತಿರೋರು ಕಣಮ್ಮಾ ಎಂದರೂ ಆಕೆ ಒಪ್ಪದೆ, ಕಚೇರಿಯಿಂದ ಫೋನು ಬರುವ ತನಕ ಬಿಸಿಲಲ್ಲಿ ನಿಲ್ಲಿಸಿದರು. ಮುಂದಿನ ಒಂದು ವಾರ ರೈಲಿನಲ್ಲಿ ನನಗೆ ಇದೇ ಕಥೆ. "ನನ್ನ ಮುಖವೇ ಸಾಕು ಅಂದ್ಕೊಂಡಿದ್ದೆ ಕಣ್ರೀ. ಆಕೆ ಝೀರೋ ಎರರ್ ನೋಡಿದ್ರು." ಕಾಲೇಜಿನ ಅಟೆಂಡರು ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರು ಇವತ್ತು ಮೀಸೆ ತಿದ್ಕೊಂಡ್ ಬಂದವ್ರೆ, ಏನೋ ಐತೆ ಕಣ ಸಾ" ಎಂದ.

ಆಕೆಗೆ ಆಗ ನಲವತ್ತಾರು. ತಾಯಿಯನ್ನು ನೋಡಿಕೊಳ್ಳುವುದರಲ್ಲಿ ಮದುವೆಯ ವಯಸ್ಸು ಕಳೆದಿತ್ತು. ಶೈವರ ಮನೆಯವರು. ಇವರದು ಹೊಳೆನರಸೀಪುರದ ವೈಷ್ಣವ ದೇವಸ್ಥಾನದ ಬೀದಿ, ಅಣ್ಣ ಪೂಜೆ ಮಾಡಿಕೊಂಡಿದ್ದವರು. ಮದುವೆಯ ಮಾತು ಕಿವಿಗೆ ಬಿದ್ದಾಗ ಅಣ್ಣ ನನ್ನ ಎದುರಿಗೇ ಕೇಳಿದರು: "ಅಕ್ಷತೆಗೆ ತಲೆ ಬಗ್ಗಿಸ್ತೀಯಲ್ಲ, ಈ ವಯಸ್ಸಿಗೆ ಮತ್ತೆ ಎತ್ತೋಕಾಗುತ್ತೇನೋ?" ಇವರು ನಕ್ಕರು. ಆ ನಗು ಸ್ವಲ್ಪ ತಡವಾಗಿ ಬಂತು ಎಂದು ಡೈರಿಯಲ್ಲಿ ಬರೆದಿದ್ದೇನೆ.

ಕಾರಣ ಗೊತ್ತಾಗಿದ್ದು ಒಂದು ತಿಂಗಳ ನಂತರ. ಮೈಸೂರಿಗೆ ನಾಲ್ಕು ದಿನ ಜೊತೆಗೆ ಬರ್ತೀರಾ, ಒಂದು ಆಪರೇಷನ್ ಇದೆ ಎಂದರು. ಏನು ಸಾರ್ ಎಂದೆ. ಬೋಗಿಯಲ್ಲಿ ನಮ್ಮ ಸುತ್ತ ಯಾರೂ ಇರಲಿಲ್ಲ. ಚೀಲದಿಂದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆಗೆದು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು, ಪಾಠ ಹೇಳುವ ದನಿಯಲ್ಲೇ ಹೇಳಿದರು. ಸಕ್ಕರೆ ಕಾಯಿಲೆಯಿಂದ ಗಂಡಸುತನ ಹೋಗಿ ವರ್ಷಗಳಾಗಿವೆ. ಮಾತ್ರೆ ಕೆಲಸ ಮಾಡುತ್ತಿಲ್ಲ. ಶಿಶ್ನದ ಒಳಗೆ ಎರಡು ಕೊಳವೆ ಕೂರಿಸುತ್ತಾರೆ. ಕೆಳಹೊಟ್ಟೆಯಲ್ಲಿ, ಮೂತ್ರಕೋಶದ ಪಕ್ಕ ಉಪ್ಪುನೀರಿನ ಸಣ್ಣ ಚೀಲ. ಬೀಜದ ಚೀಲದೊಳಗೆ ಪಂಪು. ಒತ್ತಿದರೆ ನೀರು ಕೊಳವೆಗೆ ಬರುತ್ತೆ, ಕವಾಟ ಬಿಟ್ಟರೆ ವಾಪಸ್ಸು ಚೀಲಕ್ಕೆ ಹೋಗುತ್ತೆ. "ದ್ರವವನ್ನ ಕುಗ್ಗಿಸೋಕಾಗಲ್ಲ ಅಲ್ವಾ? ಅಷ್ಟೇ. ಬಸ್ಸಿನ ಬ್ರೇಕೂ ಅದೇ ತತ್ವ." ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ನನಗಾದ ನಾಚಿಕೆಯ ಕಾಲು ಭಾಗವೂ ಅವರಿಗಿರಲಿಲ್ಲ.

ಆದರೆ ಇಳಿಯುವ ಮುಂಚೆ ಪ್ರಶ್ನೆಪತ್ರಿಕೆಯನ್ನು ಚೂರುಚೂರು ಮಾಡಿ ಕಿಟಕಿಯಿಂದ ಬಿಟ್ಟರು. "ಯಾರಾದ್ರೂ ಕೇಳಿದ್ರೆ ಹರ್ನಿಯಾ ಅನ್ನಿ. ಅಣ್ಣನ ಕಿವಿಗೆ ಬಿದ್ರೆ ಆಕೆ ಆ ಬೀದೀಲಿ ಓಡಾಡೋಕಾಗಲ್ಲ." ಅವರು ನನ್ನಿಂದ ಕೇಳಿದ ಒಂದೇ ಸುಳ್ಳು ಅದು.

ಮೈಸೂರಿನ ಸರ್ಜನ್ನು ಆಪರೇಷನ್ನಿಗೆ ಮೊದಲು ಆಗಬಹುದಾದ್ದನ್ನೆಲ್ಲ ಹೇಳಿದರು. ಸೋಂಕು ಆಗಬಹುದು, ಸಾಧನ ಕೆಡಬಹುದು. ತೀರಾ ಅಪರೂಪಕ್ಕೆ ನೀರಿನ ಚೀಲ ಜಾಗ ಬಿಟ್ಟು ಸರಿದು ಮೂತ್ರಕೋಶವನ್ನೋ ಕಾಲಿನಿಂದ ಬರುವ ರಕ್ತನಾಳವನ್ನೋ ಒತ್ತಬಹುದು, ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ ಎಂದರು. ಬಸ್ ಪಾಸಿನಷ್ಟಗಲದ ಬಿಳಿ ಕಾರ್ಡೊಂದನ್ನು ಕೊಟ್ಟು, ಮುಂದೆ ಯಾವ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಿ ಎಂದರು. ಹೊರಗೆ ಬಂದ ಮೇಲೆ ನಾನು, ಅಪರೂಪ ಅಂದರಲ್ಲ ಸಾರ್, ಬಿಡಿ ಎಂದೆ. "ಅಪರೂಪ ಅಂದ್ರೆ ಇಲ್ಲ ಅಂತಲ್ಲ" ಎಂದು ಕಾರ್ಡನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅವರ ಹತ್ತಿರ ಆ ಕಾರ್ಡನ್ನು ನಾನು ಕಾಣಲಿಲ್ಲ.

ಎರಡು ತಿಂಗಳ ನಂತರ ಹಾಸನದ ನೋಂದಣಿ ಕಚೇರಿಯಲ್ಲಿ ಮದುವೆ ಆಯಿತು. ಸಾಕ್ಷಿ ಸಹಿ ನನ್ನದು. ಅಣ್ಣ ಬರಲಿಲ್ಲ. ಆಕೆ ಅರಕಲಗೂಡಿನಿಂದ ಹಾಸನಕ್ಕೆ ವರ್ಗ ಮಾಡಿಸಿಕೊಂಡರು. ರೈಲಿನಲ್ಲಿ ಮೇಷ್ಟ್ರ ಊಟದ ಡಬ್ಬಿಯಿಂದ ಒಗ್ಗರಣೆಯ ವಾಸನೆ ಬರತೊಡಗಿತು. ಕಿಟಕಿಗೆ ತಲೆಯಾನಿಸಿ ಅವರು ಏನೋ ಗುನುಗುತ್ತಿದ್ದುದನ್ನು ಆ ವರ್ಷ ಮಾತ್ರ ಕೇಳಿದ್ದೇನೆ.

*

ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ಅವರ ಎಡಗಾಲು ಊದಿಕೊಂಡಿತು. ಸಂಜೆ ಊದಿ ಬೆಳಿಗ್ಗೆ ಇಳಿಯುತ್ತಿದ್ದದ್ದು ಇಳಿಯದಾಯಿತು. ಎರಡು ಕಾಲಿನ ಸುತ್ತಳತೆಯನ್ನೂ ಟೇಪು ಹಿಡಿದು ದಿನಾ ಬರೆದಿಡುತ್ತಿದ್ದರು, ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ. ಒಂದು ಶನಿವಾರ ಕಾಲು ಕೆಂಪಗಾಗಿ, ಜ್ವರ ಬಂದು, ಸಕ್ಕರೆ ಏರಿ ಮಂಪರಿಗೆ ಹೋದರು. ಆಕೆ ನನಗೆ ಫೋನು ಮಾಡಿದರು. ಇಬ್ಬರೂ ಸೇರಿ ಹಾಸನದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. ಅಲ್ಲಿ ಆ ಮಧ್ಯಾಹ್ನ ಇದ್ದ ಡಾಕ್ಟರು ಅವರ ಶಿಷ್ಯ, ಆ ಹುಡುಗ. ಗುರುಗಳನ್ನು ಕಂಡು ಓಡಿಬಂದ. ತಾನೇ ಸ್ಟ್ರೆಚರ್ ತಳ್ಳಿದ.

ಸ್ಕ್ಯಾನ್ ಆಯಿತು. ಅವನು ಹೊರಗೆ ಬಂದು ಕಾರಿಡಾರಿನಲ್ಲಿ ನಮ್ಮಿಬ್ಬರಿಗೆ ಹೇಳಿದ. ಕೆಳಹೊಟ್ಟೆಯಲ್ಲಿ ಎಡಗಡೆ ನೀರು ತುಂಬಿದ ಗಂಟಿನಂಥದ್ದೊಂದು ಕಾಣುತ್ತಿದೆ, ಅದು ರಕ್ತನಾಳವನ್ನು ಒತ್ತಿ ಕಾಲು ಊದಿರಬೇಕು, ಸೂಜಿ ಹಾಕಿ ನೀರು ತೆಗೆದರೆ ಒತ್ತಡ ಇಳಿಯುತ್ತದೆ. ಆಮೇಲೆ ನನ್ನ ಕಡೆ ತಿರುಗಿದ.

"ಸಾರ್, ನಮ್ಮ ಸರ್‌ಗೆ ಮುಂಚೆ ಏನಾದ್ರೂ ಆಪರೇಷನ್ ಆಗಿತ್ತಾ? ಕೆಳಗಡೆ ಒಂದು ಸಣ್ಣ ಗಾಯದ ಗುರುತಿದೆ."

ನಾನು ಆಕೆಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಿದರು.

"ಹರ್ನಿಯಾ" ಎಂದೆ.

"ಹೂಂ, ಹರ್ನಿಯಾ" ಎಂದರು ಆಕೆ.

ಅವನು ತಲೆಯಾಡಿಸಿ ಒಳಗೆ ಹೋದ.

ಯಾಕೆ ಹಾಗೆಂದೆ? ಮೂರು ಕಾರಣ ಕೊಟ್ಟುಕೊಂಡಿದ್ದೇನೆ. ಒಂದು, ಮಾತು ಕೊಟ್ಟಿದ್ದೆ. ಎರಡು, ಕೇಳಿದವನು ಅವರ ಶಿಷ್ಯ. ಅವನ ಮುಂದೆ ಮೇಷ್ಟ್ರ ಮಾನ ತೆಗೆಯುವುದು ಹೇಗೆ? ಮೂರು, ಪಕ್ಕದಲ್ಲಿ ಹೆಂಡತಿ ನಿಂತಿದ್ದರು. ಆಕೆಗೆ ವಿಷಯ ಗೊತ್ತಿಲ್ಲ ಎಂದು ನಾನು ಎಣಿಸಿದ್ದೆ. ಯಾಕೆ ಹಾಗೆ ಎಣಿಸಿದೆನೋ. ಜೊತೆಗೆ ಬಾಳುವವರಿಗೆ ತಿಳಿಯದಿರುತ್ತದೆಯೇ? ಆದರೆ ಆಕೆಗೆ ಹೇಳಿದ್ದೇನೆಂದು ಮೇಷ್ಟ್ರು ಎಂದೂ ಅಂದಿರಲಿಲ್ಲ, ನಾನು ಎಂದೂ ಕೇಳಿರಲಿಲ್ಲ. ನಮ್ಮಂಥವರ ಸ್ನೇಹದಲ್ಲಿ ಅಂಥ ಮಾತು ಒಂದು ಸಲ ಬರುವುದೇ ಹೆಚ್ಚು. ಅದೂ ಪೆನ್ಸಿಲಿನಲ್ಲಿ ಬರೆದು ಹರಿದು ಹಾಕುವಷ್ಟು. ನಾಲ್ಕನೆಯ ಕಾರಣವೊಂದು ಇರಬಹುದು: ಆ ಶಬ್ದವನ್ನು ಒಬ್ಬ ಹೆಂಗಸಿನ ಎದುರು ಬಾಯಿಬಿಟ್ಟು ಹೇಳಲು ನನಗೇ ಆಗಲಿಲ್ಲ. ನಿಜವಾದ ಕಾರಣ ಅದೇ ಇದ್ದೀತು.

ಸೂಜಿಯಲ್ಲಿ ಬಂದದ್ದು ತಿಳಿನೀರು. ಡಾಕ್ಟರಿಗೆ ಆಶ್ಚರ್ಯವಾಯಿತಂತೆ. ಎರಡು ದಿನದಲ್ಲಿ ಕಾಲಿನ ಊತ ಇಳಿಯಿತು, ಜ್ವರವೂ ತಗ್ಗಿತು. ನನಗೆ ಆದ ಸಮಾಧಾನ ಹೇಳಲಾಗದು. ಸುಳ್ಳು ದಕ್ಕಿತು ಅಂದುಕೊಂಡೆ.

ಮೂರನೆಯ ದಿನ ಅವರಿಗೆ ಪೂರ್ತಿ ಎಚ್ಚರ. ಏನು ಮಾಡಿದರು ಎಂದು ಕೇಳಿದರು. ಹೊಟ್ಟೆಯಲ್ಲಿ ನೀರಿನ ಗಂಟಿತ್ತಂತೆ, ಸೂಜಿ ಹಾಕಿ ತೆಗೆದರು ಎಂದೆ. ಅವರು ಹೊದಿಕೆಯ ಒಳಗೆ ಕೈ ಹಾಕಿದರು. ಒಂದೆರಡು ಸಲ ಒತ್ತಿ ನೋಡಿಕೊಂಡರು. ಆಮೇಲೆ ಚಾವಣಿ ನೋಡುತ್ತಾ ಮೆಲ್ಲಗೆ ಹೇಳಿದರು: "ಪಂಪಲ್ಲಿ ನೀರಿಲ್ಲ ಕಣ್ರೀ."

ಆಕೆ ಟೀ ತರಲು ಹೋಗಿದ್ದರು.

"ಸೂಜಿಗೆ ಮುಂಚೆ ನಿಮ್ಮನ್ನ ಏನಾದ್ರೂ ಕೇಳಿದ್ನಾ ಅವನು?"

"ಇಲ್ಲ ಸಾರ್" ಎಂದೆ. "ಏನೂ ಕೇಳಲಿಲ್ಲ."

ಮೊದಲ ಸುಳ್ಳಿಗೆ ನಾಲ್ಕು ಕಾರಣವಿದೆ. ಇದಕ್ಕೆ ಒಂದೂ ಇಲ್ಲ.

ಟೀ ಹಿಡಿದು ಬಂದ ಹೆಂಡತಿಯನ್ನೂ ಅವರು ಅದನ್ನೇ ಕೇಳಿದರು. ಒಂದೇ ರೀಡಿಂಗಿಗೆ ಒಪ್ಪುವವರಲ್ಲವಲ್ಲ. ಆಕೆ ಲೋಟಕ್ಕೆ ಟೀ ಬಗ್ಗಿಸುತ್ತಾ, ಇಲ್ಲ, ಏನೂ ಕೇಳಲಿಲ್ಲ ಎಂದರು. ಅವರು ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದರು.

"ಇಬ್ಬರೂ ಒಂದೇ ಥರ ಹೇಳ್ತೀರಲ್ಲ" ಎಂದರು.

ಅಷ್ಟರಲ್ಲಿ ಆ ಡಾಕ್ಟರು ರೌಂಡ್ಸಿಗೆ ಬಂದ. ಚೆನ್ನಾಗಿದ್ದೀರಲ್ಲ ಸಾರ್ ಎಂದು ನಗುತ್ತಾ ನಾಡಿ ಹಿಡಿದ. ಅವರು ಅವನ ಕೈಯನ್ನು ತಮ್ಮ ಇನ್ನೊಂದು ಕೈಯಿಂದ ಹಿಡಿದುಕೊಂಡು, ತಮ್ಮೊಳಗೆ ಇರುವುದೇನು ಎಂದು ಅವನಿಗೆ ಹೇಳಿದರು. ಪ್ರಶ್ನೆಪತ್ರಿಕೆಯ ಹಿಂದೆ ನನಗೆ ಬರೆದು ತೋರಿಸಿದ್ದನ್ನೇ, ಅದೇ ದನಿಯಲ್ಲಿ. ಅವನ ಮುಖದ ಬಣ್ಣ ಹೋಯಿತು.

"ಸೂಜಿಗೆ ಮುಂಚೆ ಕೇಳಬೇಕು ಕಣಯ್ಯಾ" ಎಂದರು.

ಅವನು ಅಲ್ಲಿ, ನಮ್ಮ ಎದುರಿಗೆ, ಕೇಳಿದೆ ಸಾರ್ ಅನ್ನಬಹುದಿತ್ತು. ನಮ್ಮ ಕಡೆ ಕೈ ತೋರಿಸಬಹುದಿತ್ತು. ಗುರುಗಳ ಮಾತಿಗೆ ಎದುರಾಡುವ ಮನೆಯ ಹುಡುಗನಲ್ಲ. ಕೈ ಕಟ್ಟಿಕೊಂಡು, ತಪ್ಪಾಯ್ತು ಸಾರ್ ಎಂದ. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಆಕೆ ಟೀ ಲೋಟ ಹಿಡಿದು ನಿಂತಿದ್ದರು.

ಐದನೆಯ ದಿನ ಮತ್ತೆ ಜ್ವರ ಏರಿತು. ಸೂಜಿ ಹೋದ ದಾರಿಯಲ್ಲಿ ಸೋಂಕು ಒಳಗಿಳಿದಿತ್ತು. ಮೈಸೂರಿಗೆ ಕರೆದೊಯ್ದೆವು. ಚೀಲ, ಕೊಳವೆ, ಪಂಪು ಎಲ್ಲವನ್ನೂ ತೆಗೆಯಬೇಕಾಯಿತು. ಸರ್ಜನ್ನು ಬೇಸರದಿಂದ ಹೇಳಿದರು: ಚೀಲ ರಕ್ತನಾಳವನ್ನು ಒತ್ತುವುದು ಬಹಳ ಅಪರೂಪ, ಆದರೆ ಮುಂಚೆ ತಿಳಿದಿದ್ದರೆ ಅದೊಂದನ್ನೇ ಬೇರೆ ಜಾಗಕ್ಕೆ ಸರಿಸಿಬಿಡಬಹುದಿತ್ತು. ಈಗ ಒಳಗೆಲ್ಲ ಗಾಯ ಕಟ್ಟಿದೆ. ಇನ್ನೊಂದು ಹಾಕಲಾಗುವುದಿಲ್ಲ.

*

ಆಮೇಲೆ ನಾಲ್ಕು ವರ್ಷ ಬದುಕಿದ್ದರು. ರಕ್ತನಾಳದಲ್ಲಿ ಹೆಪ್ಪುಗಟ್ಟಿ ಎಡಗಾಲು ದಪ್ಪವಾಗಿಯೇ ಉಳಿಯಿತು. ಒಂದೇ ನಮೂನೆಯ ಚಪ್ಪಲಿಯನ್ನು ಎರಡು ಅಳತೆಯಲ್ಲಿ ಎರಡು ಜೊತೆ ಕೊಂಡು, ದೊಡ್ಡದರ ಎಡ, ಸಣ್ಣದರ ಬಲ ಹಾಕಿಕೊಳ್ಳುತ್ತಿದ್ದರು. ಮಿಕ್ಕಿದ ಒಂಟಿ ಚಪ್ಪಲಿಗಳೆರಡು ಅವರ ಮನೆಯ ಬಾಗಿಲಲ್ಲಿ ಹೊಸದಾಗಿಯೇ ಕೂತಿರುತ್ತಿದ್ದವು. ನಿವೃತ್ತಿಯವರೆಗೂ ಅದೇ ರೈಲಿನಲ್ಲಿ ಓಡಾಡಿದರು. ನನ್ನೊಡನೆ ಮಾತು ಕಡಿಮೆಯಾಗಲಿಲ್ಲ. ಕಡಿಮೆಯಾಗಿದ್ದರೆ ಚೆನ್ನಾಗಿತ್ತು.

ಒಮ್ಮೆ ಮಾತ್ರ, ಹೊಳೆನರಸೀಪುರದ ಪ್ಲಾಟ್‌ಫಾರಂನಲ್ಲಿ ಸಂಜೆಯ ಗಾಡಿಗೆ ಕಾಯುತ್ತಿದ್ದಾಗ, ಯಾವುದಕ್ಕೂ ಸಂಬಂಧವಿಲ್ಲದೆ, "ಹದಿನಾಲ್ಕು ತಿಂಗಳು ಚೆನ್ನಾಗಿತ್ತು ಕಣ್ರೀ" ಎಂದರು. ಆ ಶಿಷ್ಯನ ಮಾತು ಬಂದಾಗಲೆಲ್ಲ ಅವನನ್ನು ಬೈಯುತ್ತಿರಲಿಲ್ಲ. ನಾನೇ ಸರಿಯಾಗಿ ಕಲಿಸಲಿಲ್ಲ, ಅಳೆಯೋದು ಕಲಿಸಿದೆ, ಕೇಳೋದು ಕಲಿಸಲಿಲ್ಲ ಅನ್ನುತ್ತಿದ್ದರು. ಅದನ್ನು ಕೇಳುತ್ತಾ ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ.

ಅವರಿಗೆ ನಮ್ಮ ಸುಳ್ಳು ಗೊತ್ತಾಗಿತ್ತೇ? ಪೂರ್ತಿ ಒಂದೇ ಥರ ಇರುವುದು ಸುಳ್ಳು ಮಾತ್ರ ಎಂದವರು, ಇಬ್ಬರೂ ಒಂದೇ ಥರ ಹೇಳ್ತೀರಲ್ಲ ಎಂದಾಗ ಏನು ಕಂಡಿದ್ದರು? ಗೊತ್ತಾಗಿದ್ದರೆ ಆ ಹುಡುಗನ ಮೇಲೆ ಯಾಕೆ ಹೊರಿಸಿದರು? ನಮ್ಮಿಬ್ಬರನ್ನು ಉಳಿಸಲಿಕ್ಕೆಂದೇ? ಗೊತ್ತಾಗಿರದಿದ್ದರೆ, ಅವರು ಸಾಯುವವರೆಗೂ ಶಿಷ್ಯನ ಬಗ್ಗೆ ತಪ್ಪು ತಿಳಿದೇ ಇದ್ದರು. ಎರಡರಲ್ಲಿ ಯಾವುದು ನನಗೆ ಹಗುರ ಎಂದು ಎಷ್ಟೋ ಸಲ ತೂಗಿ ನೋಡಿದ್ದೇನೆ.

ಅವರು ಹೋದ ಮೇಲೆ ಆ ವಾರದ ಡೈರಿ ತೆಗೆದು ನೋಡಿದೆ. ಸೂಜಿ ಹಾಕಿದ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: 'ಡಾಕ್ಟರು ಏನೂ ವಿಚಾರಿಸದೆ ಸೂಜಿ ಹಾಕಿದರು.' ಶಾಯಿಯ ಬಣ್ಣ ಮುಂದಿನ ದಿನಗಳದ್ದು. ಆಮೇಲೆ ಯಾವಾಗಲೋ ಹಿಂದಕ್ಕೆ ಹೋಗಿ ಬರೆದಿದ್ದೇನೆ. ಬರೆದ ನೆನಪಿಲ್ಲ. ಮುಂದೊಂದು ದಿನ ಯಾರಾದರೂ ಈ ಡೈರಿಯನ್ನು ಆಧಾರವೆಂದು ಹಿಡಿದರೆ ಅವರಿಗೆ ಸಿಗುವ ಚರಿತ್ರೆ ಇದೇ. ನನಗೇ ಅದನ್ನು ಓದಿದ ಮೇಲೆ ಕಾರಿಡಾರಿನ ದೃಶ್ಯ ಅಲುಗಾಡತೊಡಗಿತು. ಅವನು ನಿಜವಾಗಿ ಕೇಳಿದ್ದನೇ?

*

ಸಂಚಿಕೆಗೆಂದು ಬರೆದ ಆ ಎರಡು ಪುಟ ಹಿಡಿದು ಅವರ ಮನೆಗೆ ಹೋದೆ. ಬಾಗಿಲಲ್ಲಿ ಒಂಟಿ ಚಪ್ಪಲಿಗಳು ಹಾಗೇ ಇದ್ದವು. ಆಕೆ ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ನೋಡುವಂತೆ ಓದಿ ಪಕ್ಕಕ್ಕಿಟ್ಟರು.

"ಕಾಲಿನ ವಿಷಯ ಬರೆದೇ ಇಲ್ಲ."

"ಹೇಗೆ ಬರೆಯೋದು ಮೇಡಂ?"

ಆಕೆ ಎದ್ದು ಒಳಗೆ ಹೋಗಿ ತಮ್ಮ ಹಳೆಯ ವ್ಯಾನಿಟಿ ಬ್ಯಾಗ್ ತಂದರು. ಒಳಜೇಬಿನ ಜಿಪ್ಪು ಎಳೆದು ಬಿಳಿಯ ಕಾರ್ಡೊಂದನ್ನು ಮೇಜಿನ ಮೇಲಿಟ್ಟರು. ಬಸ್ ಪಾಸಿನಷ್ಟಗಲ. ಅಂಚು ಹಳದಿಗಟ್ಟಿತ್ತು.

"ಮದುವೆಗೆ ಒಂದು ವಾರ ಮುಂಚೆ ಅರಕಲಗೂಡಿಗೆ ಬಂದು ಕೊಟ್ರು. ಎಲ್ಲಾ ಹೇಳಿದ್ರು, ಚಿತ್ರ ಬರೆದು. ಬೇಡ ಅನ್ನೋದಾದ್ರೆ ಈಗಲೇ ಬೇಡ ಅನ್ನಿ ಅಂದ್ರು."

ನಾನು ಕಾರ್ಡನ್ನು ತಿರುಗಿಸಿ ನೋಡಿದೆ.

"ಆ ದಿನ ಕಾರಿಡಾರಲ್ಲಿ ಇದು ನನ್ನ ಬ್ಯಾಗಲ್ಲೇ ಇತ್ತು. ಡಾಕ್ಟರು ಕೇಳಿದಾಗ ಜಿಪ್ಪಿಗೆ ಕೈ ಹಾಕಿದ್ದೆ. ನೀವು ಪಕ್ಕದಲ್ಲಿದ್ರಿ. ನಿಮಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ. ಇವರ ಸ್ನೇಹಿತರ ಮುಂದೆ ಹೇಗೆ ತೆಗೀಲಿ ಅನ್ನೋಷ್ಟ್ರಲ್ಲಿ ನೀವು ಹರ್ನಿಯಾ ಅಂದ್ರಿ. ಸದ್ಯ ಅಂತ ನಾನೂ ಹೂಂ ಅಂದೆ."

"ಹಾಗಾದ್ರೆ ಅವನು ಕೇಳಿದ್ದು ನಿಜ."

"ಕೇಳಿದ್ರು. ನೀಲಿ ಪೆನ್ನು ಕಿವಿ ಮೇಲಿತ್ತು."

ಪೆನ್ನು ನನಗೆ ನೆನಪಿರಲಿಲ್ಲ. ಗಾಯದ ಗುರುತಿನ ಮಾತು ಆಕೆಗೆ ನೆನಪಿರಲಿಲ್ಲ. ಚೂರು ಆಚೀಚೆ ಇತ್ತು. ನಾವಿಬ್ಬರೂ ಕಂಡದ್ದು ನಿಜವೇ ಎಂದು ನನಗೆ ಆಗ ಗಟ್ಟಿಯಾಯಿತು.

"ಇವರು ಎದ್ದ ಮೇಲೆ ಕೇಳಿದ್ರಲ್ಲ. ನೀವು ಇಲ್ಲ ಅಂದಿದ್ದು ಬಾಗಿಲ ಹತ್ರ ಕೇಳಿಸ್ತು. ನಾನೂ ಅದನ್ನೇ ಅಂದೆ. ಇನ್ನೊಬ್ಬರ ಹಾಳೆ ನೋಡಿ ಬರೆಯೋರನ್ನ ಮೂವತ್ತು ವರ್ಷ ಹಿಡಿದಿದೀನಿ ನಾನು." ಕಾರ್ಡನ್ನು ಮತ್ತೆ ಬ್ಯಾಗಿಗೆ ಹಾಕಿದರು. "ಆ ಹುಡುಗನಿಗೆ ಹೇಳಬೇಕು. ನಾಳೆ ಹೋಗೋಣ ಬನ್ನಿ."

ಅವನು ಈಗ ಚನ್ನರಾಯಪಟ್ಟಣದಲ್ಲಿ ತನ್ನದೇ ಕ್ಲಿನಿಕ್ ಇಟ್ಟುಕೊಂಡಿದ್ದಾನೆ. ಮಾರನೆಯ ದಿನ ಬಸ್ಸಿನಲ್ಲಿ ಹೋದೆವು. ಕ್ಲಿನಿಕ್ಕಿನ ಬೆಂಚುಗಳ ಮೇಲೆ ಶ್ರವಣಬೆಳಗೊಳದ ಕಡೆಯ ಜನ, ಸುತ್ತಲ ಹಳ್ಳಿಯ ಜನ. ನಮ್ಮನ್ನು ಕಂಡ ಕೂಡಲೇ ಅವನು ಎದ್ದು ಒಳಗೆ ಕರೆದ, ಆಕೆಯ ಕಾಲಿಗೆ ನಮಸ್ಕರಿಸಿದ. ತಲೆಯಲ್ಲಿ ಬಿಳಿ ಕೂದಲು ಬಂದಿತ್ತು.

ನಾನು ಹೇಳಿದೆ. ನಿಲ್ಲಿಸದೆ, ಒಂದೇ ಉಸಿರಿಗೆ. ನೀವು ಕೇಳಿದಿರಿ, ನಾನು ಹರ್ನಿಯಾ ಎಂದೆ, ಮೇಷ್ಟ್ರಿಗೆ ಸುಳ್ಳು ಹೇಳಿದೆ. ಆಕೆ ಕಾರ್ಡನ್ನು ಅವನ ಮೇಜಿನ ಮೇಲಿಟ್ಟರು.

ಅವನು ಕಾರ್ಡನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ತಿರುಗಿಸಿ ಆಕೆಯ ಕೈಗೇ ಕೊಟ್ಟ.

"ಇಲ್ಲ ಸಾರ್. ನಾನು ಕೇಳಲಿಲ್ಲ."

"ಕೇಳಿದ್ರಿ ಕಣಪ್ಪಾ. ನಾನೇ ಹೂಂ ಅಂದಿದೀನಿ" ಎಂದರು ಆಕೆ.

"ಮೊದಮೊದಲು ನನಗೂ ಕೇಳಿದ ಹಾಗೆ ಅನ್ನಿಸ್ತಿತ್ತು ಅಮ್ಮಾ. ಆದರೆ ಸರ್ ಹೇಳಿದ್ರಲ್ಲ. ಸರ್ ನೋಡದೆ ಹೇಳೋರಲ್ಲ. ದಿನಾ ಅದನ್ನೇ ಜ್ಞಾಪಿಸಿಕೊಂಡು ಜ್ಞಾಪಿಸಿಕೊಂಡು ಈಗ ನನಗೆ ಕಾಣೋದು ಒಂದೇ. ಕೇಳದೆ ಒಳಗೆ ಹೋಗ್ತಿದೀನಿ." ನಕ್ಕ. "ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದ್ರಿ. ಊಟ ಮಾಡಿಕೊಂಡು ಹೋಗಬೇಕು."

ಇನ್ನೊಮ್ಮೆ ಹೇಳಿದೆ. ಅವನು ಕೈಮುಗಿದ. ಅಷ್ಟರಲ್ಲಿ ಮಗನ ತೋಳು ಹಿಡಿದು ಮುದುಕರೊಬ್ಬರು ಬಾಗಿಲಲ್ಲಿ ಬಂದು ನಿಂತರು. ಹೊಟ್ಟೆ ನೋವಂತೆ. ಅವನು ನಮ್ಮನ್ನು ಹತ್ತು ನಿಮಿಷ ಹೊರಗೆ ಕೂತಿರಿ ಎಂದ. ಮಗನನ್ನೂ ಹೊರಗೆ ಕಳಿಸಿದ. ನರ್ಸನ್ನೂ ಕಳಿಸಿದ. ಪರದೆ ಎಳೆದ.

"ಇವ್ರು ಇಂಗೇ ಕಣ ಸಾ" ಎಂದ ಆ ಮಗ ನಮ್ಮ ಪಕ್ಕ ಕೂರುತ್ತಾ. "ಎಲ್ರುನೂ ಆಚೆ ಕಳ್ಸಿ, ಕೇಳಿದ್ನೇ ಕೇಳ್ತಾರೆ."

ಪರದೆಯ ಆ ಕಡೆಯಿಂದ ಅವನ ದನಿ ಕೇಳಿಸುತ್ತಿತ್ತು. ಮುಂಚೆ ಏನಾದರೂ ಆಪರೇಷನ್ ಆಗಿತ್ತಾ ಎಂದು ಕೇಳಿದ. ಇಲ್ಲ ಎಂದರು ಮುದುಕರು. ಹೊಟ್ಟೆ, ಕೆಳಗಡೆ, ಯಾವುದಾದರೂ? ಇಲ್ಲ. ಅವನು ಕುರ್ಚಿ ಹತ್ತಿರ ಎಳೆದುಕೊಂಡ ಸದ್ದಾಯಿತು.

"ಈಗ ಇಲ್ಲಿ ಯಾರೂ ಇಲ್ಲ ಯಜಮಾನ್ರೇ. ನಿಮ್ಮ ಮಗನೂ ಇಲ್ಲ. ಈಗ ಹೇಳಿ."

ಆಕೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಜಿಪ್ಪಿನ ಮೇಲೆ ಬೆರಳಿಟ್ಟು ಕೂತಿದ್ದರು. ನಾನು ಆಕೆಯ ಮುಖ ನೋಡಲಿಲ್ಲ. ಒಳಗೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅವನು ಕಾಯುತ್ತಿದ್ದ.